ವರ್ಚುವಲ್ ಪೈಪ್ ಆರ್ಗನ್ (ಬಳಕೆಯ ಸೌಲಭ್ಯಗಳ ಇತಿಹಾಸ)

ನಿಜವಾದ ಪೈಪ್ ಆರ್ಗನ್ನಿನ ಒಂದೊಂದು ಕೊಳವೆಯ ನಾದವನ್ನೂ ಸಾಮಾನ್ಯವಾಗಿ ಬೇರೆಬೇರೆಯಾಗಿ ಧ್ವನಿಮುದ್ರಿಸಿಟ್ಟುಕೊಂಡು, ಕೀಲಿಮಣೆ ಒತ್ತಿದಾಗ ಆ ನಾದವನ್ನು ಕಂಪ್ಯೂಟರಿನಿಂದ ಹೊರಡಿಸುವ ತಂತ್ರಾಂಶಕ್ಕೆ ವರ್ಚುವಲ್ ಪೈಪ್ ಆರ್ಗನ್ ಎಂದು ಹೆಸರು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ಈ ತಂತ್ರಾಂಶಗಳು ಮೊದಲು ಕಂಪ್ಯೂಟರ್ ಬಲ್ಲವರಿಗಷ್ಟೇ ಒಲಿಯುತ್ತಿದ್ದವು. ಈಗ ಅವು ಸಂಗೀತ ಮಾತ್ರ ಬಲ್ಲವರ ಕೈಗೂ ಎಟಕುವಂತಾಗಿವೆ. ಆರ್ಗನ್ ನುಡಿಸುವುದನ್ನು ಹಗುರ ಮಾಡುವ ಯತ್ನ ಕಂಪ್ಯೂಟರಿಗಿಂತ ಬಹಳ ಹಳೆಯದು. ಬೆಂಗಳೂರಿನ ದಂಡು ಪ್ರದೇಶದ ಚರ್ಚುಗಳಿಗೆ ಪೈಪ್ ಆರ್ಗನ್ ಬಂದದ್ದೂ ಆ ಯತ್ನದ ನಡುಗಾಲದಲ್ಲಿ.

ದಂಡಿನ ಆರ್ಗನ್

ಬ್ರಿಟಿಷರು 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ದಂಡು ಕಟ್ಟಿದರು. ಸೈನಿಕರೊಂದಿಗೆ ಅವರ ಆರಾಧನೆಯ ಪದ್ಧತಿಗಳೂ ಬಂದವು. ಸ್ಕಾಟ್ಲೆಂಡಿನ ಸಂಪ್ರದಾಯದವರಿಗಾಗಿ ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚಿಗೆ 1864ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿನ ಪೈಪ್ ಆರ್ಗನ್ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕೊನಾಕರ್ ಕಂಪನಿ 1881ರಲ್ಲಿ ತಯಾರಿಸಿದ್ದು. ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿ ಬಂದದ್ದೂ ಅದೇ ವರ್ಷ. ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು.

ಪೈಪ್ ಆರ್ಗನ್ನಿನ ಉಸಿರು ಗಾಳಿ. ತಿದಿಯಿಂದ ಬಂದ ಗಾಳಿ ಪೆಟ್ಟಿಗೆಯಲ್ಲಿ ಒಂದೇ ಒತ್ತಡದಲ್ಲಿ ನಿಲ್ಲುತ್ತದೆ. ಕೀ ಒತ್ತಿದಾಗ ಅದಕ್ಕೆ ಸೇರಿದ ಕೊಳವೆಗೆ ಗಾಳಿ ಬಿಡುವ ಕವಾಟ ತೆರೆಯುತ್ತದೆ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕಂಡವರಿಗೆ ಈ ತತ್ತ್ವ ಹೊಸದಲ್ಲ. ಅಲ್ಲಿ ವಾದಕನೇ ಕಾಲಿನಿಂದ ತಿದಿ ಒತ್ತುತ್ತಾನೆ. ಆರ್ಗನ್‌ನಲ್ಲಿ ವಾದಕನ ಕಾಲಿಗೆ ಬೇರೆ ಕೆಲಸವಿದೆ: ಮಂದ್ರದ ಸ್ವರಗಳನ್ನು ಪೆಡಲ್ ಸಾಲಿನಲ್ಲಿ ನುಡಿಸಬೇಕು. ಆದ್ದರಿಂದ ವಿದ್ಯುತ್ತಿಲ್ಲದ ಕಾಲದಲ್ಲಿ ತಿದಿ ಎತ್ತಲು ಸಾಮಾನ್ಯವಾಗಿ ಇನ್ನೊಬ್ಬ ಆಳು ಬೇಕಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಅದಕ್ಕೆ ಮುನ್ನ ಇಲ್ಲಿನ ಆರ್ಗನ್‌ಗಳಿಗೆ ವಿದ್ಯುತ್ ಮೋಟಾರಿನ ಗಾಳಿ ದೊರೆಯುವಂತಿರಲಿಲ್ಲ.

ಸ್ಟಾಪ್‌ಗಳ ಕಷ್ಟ, ಪಿಸ್ಟನ್‌ಗಳ ನೆರವು

ಒಂದೇ ಬಗೆಯ ನಾದದ ಕೊಳವೆಗಳ ಒಂದು ಪೂರ್ತಿ ಸಾಲಿಗೆ ಸ್ಟಾಪ್ ಎನ್ನುತ್ತಾರೆ. ಕೊಳಲಿನಂಥದ್ದು ಒಂದು, ತುತ್ತೂರಿಯಂಥದ್ದು ಇನ್ನೊಂದು. ವಾದಕ ಗುಂಡಿಯನ್ನು ಹೊರಗೆಳೆದಾಗ ಆ ಸಾಲು ನುಡಿಯಲು ಸಿದ್ಧವಾಗುತ್ತದೆ. ಗುಂಡಿಯ ಮೇಲಿನ 8 ಎಂಬ ಅಂಕಿ ಆ ಸಾಲಿನ ಅತ್ಯಂತ ಕೆಳಗಿನ ಸ್ವರದ ಕೊಳವೆ, ತುದಿ ತೆರೆದದ್ದಾದರೆ, ಸುಮಾರು 8 ಅಡಿ ಉದ್ದ ಎಂಬುದನ್ನು ತಿಳಿಸುತ್ತದೆ. 4 ಅಡಿಯ ಸಾಲು ಒಂದು ಸ್ಥಾಯಿ ಮೇಲೆ, 16 ಅಡಿಯದು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ.

ಭಕ್ತಿಗೀತೆಯ ಚರಣಕ್ಕೊಂದು ಬಣ್ಣ ಕೊಡಬೇಕಾದರೆ ನಾಲ್ಕಾರು ಗುಂಡಿಗಳನ್ನು ಒಮ್ಮೆಲೇ ಎಳೆಯಬೇಕು, ತಳ್ಳಬೇಕು. ಎರಡು ಕೈಯೂ ಕೀಲಿಮಣೆಯ ಮೇಲಿರುವಾಗ ಅದು ಆಗದ ಮಾತು. ಲಂಡನ್ನಿನ 1851ರ ಮಹಾಪ್ರದರ್ಶನದಲ್ಲಿ ಆರ್ಗನ್ ತಯಾರಕ ಹೆನ್ರಿ ವಿಲ್ಲಿಸ್ ತನ್ನ ಆರ್ಗನ್‌ಗೆ ಹೆಬ್ಬೆರಳಿನಿಂದ ಒತ್ತುವ ಪಿಸ್ಟನ್‌ಗಳನ್ನು ಅಳವಡಿಸಿದ್ದ. ಕೀಲಿಮಣೆಯ ಕೆಳಗಿನ ಒಂದು ಗುಂಡಿ ಒತ್ತಿದರೆ ಮೊದಲೇ ಗೊತ್ತುಪಡಿಸಿದ ಸ್ಟಾಪ್‌ಗಳ ಗುಂಪು ತಾನಾಗಿ ಸಿದ್ಧವಾಗುತ್ತಿತ್ತು. ಮುಂದೆ ಆ ಗುಂಪನ್ನು ವಾದಕನೇ ಬದಲಿಸಿಕೊಳ್ಳುವ ಏರ್ಪಾಡು ಬಂತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನೆನಪಿನ ಕೆಲಸ ವಿದ್ಯುನ್ಮಾನ ಬಿಲ್ಲೆಗಳ ಪಾಲಾಯಿತು. ಇಂದಿನ ತಂತ್ರಾಂಶಗಳ ಸೌಲಭ್ಯಗಳಲ್ಲಿ ಹಲವು ಈ ಪರಂಪರೆಯ ಮುಂದುವರಿಕೆ.

ಕೊಳವೆಯಿಂದ ಕಂಪ್ಯೂಟರಿಗೆ

ಧ್ವನಿಯನ್ನು ಅಂಕಿಗಳಾಗಿ ಕೂಡಿಟ್ಟು ನುಡಿಸುವ ಆರ್ಗನ್ನನ್ನು ಅಮೆರಿಕದ ಆಲೆನ್ ಕಂಪನಿ 1971ರಲ್ಲಿ ಮಾರುಕಟ್ಟೆಗೆ ತಂದಿತು. 1983ರಲ್ಲಿ ಮಿಡಿ ಎಂಬ ಸಾಮಾನ್ಯ ಒಪ್ಪಂದ ಬಂದ ಮೇಲೆ, ಅದನ್ನು ಅಳವಡಿಸಿಕೊಂಡ ಯಾವ ಕಂಪನಿಯ ಕೀಲಿಮಣೆಯೂ ಅಂಥ ಯಾವ ಯಂತ್ರದೊಂದಿಗೂ ಮಾತಾಡುವಂತಾಯಿತು.

ಇದೇ ಸುಮಾರಿಗೆ ಬೆಂಗಳೂರಿನಲ್ಲಿ ಇನ್ನೊಂದು ಪರಂಪರೆಯ ವಾದ್ಯ ವಿದ್ಯುನ್ಮಾನದ ದಾರಿ ಹಿಡಿದಿತ್ತು. ನಗರದ ಪೂರ್ವಕ್ಕಿರುವ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು; ಅವರ ರಾಡೆಲ್ ಸಂಸ್ಥೆಯಿಂದ ಎಲೆಕ್ಟ್ರಾನಿಕ್ ತಂಬೂರಿಯೂ ಬಂತು. ನಾಲ್ಕು ತಂತಿಗಳನ್ನು ಮತ್ತೆ ಮತ್ತೆ ಶ್ರುತಿ ಮಾಡುವ ಬದಲು ಒಂದು ತಿರುಪು ತಿರುಗಿಸಿದರೆ ಸಾಕಾಯಿತು. ಶ್ರುತಿಗೆ ಜೊತೆಗಾರರಿಲ್ಲದೆಯೂ ಮನೆಯಲ್ಲಿ ಕೂತು ಸಾಧನೆ ಮಾಡಲು ಅದು ಅನುವು ಮಾಡಿಕೊಟ್ಟಿತು.

ವರ್ಚುವಲ್ ಆರ್ಗನ್ ತಂತ್ರಾಂಶಗಳಲ್ಲಿ ಹೆಚ್ಚು ಹೆಸರಾದದ್ದು ಹೌಪ್ಟ್‌ವೆರ್ಕ್. ಬ್ರಿಟನ್ನಿನ ಮಾರ್ಟಿನ್ ಡೈಡ್ ಇದನ್ನು ರಚಿಸಿದರು. 2008ರಲ್ಲಿ ಇದು ಅಮೆರಿಕದ ಮಿಲಾನ್ ಡಿಜಿಟಲ್ ಆಡಿಯೋ ಸಂಸ್ಥೆಯ ಪಾಲಾಯಿತು. ಗ್ರ್ಯಾಂಡ್‌ಆರ್ಗ್ ಎಂಬುದು ಮೈಆರ್ಗನ್ ಎಂಬ ಹಿಂದಿನ ಯೋಜನೆಯಿಂದ ಕವಲೊಡೆದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಹಣ ಕೊಡದೆ ಬಳಸಬಹುದು. ಫ್ರಾನ್ಸಿನ ಮೋಡಾರ್ಟ್ ಸಂಸ್ಥೆಯ ಆರ್ಗನ್‌ಟೆಕ್ 2019ರಲ್ಲಿ ಬಂತು. ಅದು ಧ್ವನಿಮುದ್ರಣವನ್ನು ಬಳಸದೆ, ಕೊಳವೆಯಲ್ಲಿ ಗಾಳಿ ಕಂಪಿಸುವ ಬಗೆಯನ್ನೇ ಗಣಿತದಿಂದ ಲೆಕ್ಕಹಾಕಿ ನಾದ ಹೊರಡಿಸುತ್ತದೆ.

ಬಳಕೆಯ ಹೊಸ ಸೌಲಭ್ಯಗಳು

ಕೀಲಿಮಣೆಯ ಪರಿಚಯ: ಆರಂಭದ ದಿನಗಳಲ್ಲಿ ಯಾವ ಕೀಲಿಮಣೆ ಯಾವ ಮಿಡಿ ಚಾನೆಲ್‌ನಲ್ಲಿದೆ, ಅದರ ಮೊದಲ ಸ್ವರದ ಸಂಖ್ಯೆ ಎಷ್ಟು ಎಂಬುದನ್ನು ಬಳಸುವವರೇ ಹುಡುಕಿ ತುಂಬಬೇಕಿತ್ತು. ಈಗ ಪರದೆಯ ಮೇಲಿನ ಕೀಲಿಮಣೆಯ ಚಿತ್ರವನ್ನು ಆರಿಸಿ, ತಂತ್ರಾಂಶಕ್ಕೆ ಕೇಳಿಸಿಕೊಳ್ಳುವಂತೆ ಸೂಚಿಸಿ, ನಿಜವಾದ ಕೀಲಿಮಣೆಯ ಕೀ ಒತ್ತಿದರೆ ಉಳಿದದ್ದನ್ನು ಅದೇ ಗ್ರಹಿಸುತ್ತದೆ. ಸ್ಟಾಪ್‌ಗೂ ಇದೇ ಕ್ರಮ: ಪರದೆಯಲ್ಲಿ ಸ್ಟಾಪ್ ಆರಿಸುವುದು, ಕೈಗೆ ಸಿಗುವ ಯಾವುದೋ ಗುಂಡಿ ಒತ್ತುವುದು. ಹಳೆಯ ಎಲೆಕ್ಟ್ರಾನಿಕ್ ಕೀಬೋರ್ಡನ್ನೂ ಆರ್ಗನ್ನಿನ ಭಾಗವಾಗಿಸಲು ಈ ಸೌಲಭ್ಯವೇ ಕಾರಣ.

ಸ್ಟೆಪ್ಪರ್: ಇಡೀ ಆರಾಧನೆಯ ನಾದಸಂಯೋಜನೆಗಳನ್ನು ಮೊದಲೇ ಸಾಲಾಗಿ ನೆನಪಿಗೆ ಹಾಕಿಟ್ಟು, ಒಂದೇ ಗುಂಡಿಯಿಂದ ಒಂದೊಂದಾಗಿ ಮುಂದೆ ಸಾಗುವ ವ್ಯವಸ್ಥೆ ಇದು. ಗ್ರ್ಯಾಂಡ್‌ಆರ್ಗ್‌ನಲ್ಲಿ ಇಂಥ ಸಾವಿರ ಸ್ಥಾನಗಳಿವೆ. ಮೆಲುದನಿಯ ಪ್ರವೇಶ ಸಂಗೀತ, ಮೊದಲ ಗೀತೆಯ ನಾಲ್ಕು ಚರಣ, ಕಾಣಿಕೆಯ ವೇಳೆಯ ಕೊಳಲುದನಿ, ಕೊನೆಗೆ ತುಂಬುನಾದದ ನಿರ್ಗಮನ ಹೀಗೆ ಹಿಂದಿನ ರಾತ್ರಿಯೇ ಜೋಡಿಸಿಟ್ಟರೆ, ಭಾನುವಾರ ಬೆಳಿಗ್ಗೆ ಎಡಗಾಲಿನ ತುದಿಯಿಂದ ಒಂದು ಗುಂಡಿ ಒತ್ತುವುದಷ್ಟೇ ಉಳಿಯುತ್ತದೆ.

ಬೇಗ ಸಿದ್ಧವಾಗುವುದು: ಸ್ಟಿರಿಯೊದಲ್ಲಿ, ಸೆಕೆಂಡಿಗೆ 48,000 ಅಳತೆಯಂತೆ 24 ಬಿಟ್ ಗುಣಮಟ್ಟದಲ್ಲಿ ಮುದ್ರಿಸಿದ 5 ಸೆಕೆಂಡಿನ ಒಂದು ಸ್ವರ ಸುಮಾರು 1.44 ಎಂಬಿ ಜಾಗ ಹಿಡಿಯುತ್ತದೆ. 61 ಕೀಗಳ 30 ಸ್ಟಾಪ್‌ಗಳಿದ್ದರೆ 1,830 ಸ್ವರಗಳು, ಎರಡೂವರೆ ಜಿಬಿಗೂ ಹೆಚ್ಚು. ಕೀಯನ್ನು ಥಟ್ಟನೆ ಬಿಟ್ಟಾಗಿನ ಅನುರಣನ ಬೇರೆ, ಹಿಡಿದಿಟ್ಟು ಬಿಟ್ಟಾಗಿನದು ಬೇರೆ. ಅವನ್ನೂ ಸೇರಿಸಿದರೆ ಗಾತ್ರ ಇನ್ನಷ್ಟು ಬೆಳೆಯುತ್ತದೆ. ಇಷ್ಟನ್ನೂ ಪ್ರತಿಸಲ ಹೊಸದಾಗಿ ಓದಿಕೊಳ್ಳುವ ಬದಲು ಒಮ್ಮೆ ಹದಮಾಡಿದ ಪ್ರತಿಯನ್ನು ಕೂಡಿಟ್ಟುಕೊಳ್ಳುವ ಏರ್ಪಾಡು ಕಾಯುವ ಹೊತ್ತನ್ನು ಬಹಳ ತಗ್ಗಿಸಿತು. ಕಂಪ್ಯೂಟರ್ ಚಾಲೂ ಆದಾಗ ನಿಗದಿಯಾದ ಆರ್ಗನ್ ತಾನಾಗಿ ತೆರೆದುಕೊಳ್ಳುವಂತೆಯೂ ಮಾಡಬಹುದು. ಆರಾಧನೆಗೆ ಮುನ್ನ ಕರೆಂಟು ಹೋಗಿ ಬರುವ ಊರುಗಳಲ್ಲಿ ಇದರ ಬೆಲೆ ದೊಡ್ಡದು.

ತಡವಿಲ್ಲದ ನಾದ: ಕೀ ಒತ್ತಿದ ಮೇಲೆ ದನಿ ಕೇಳುವವರೆಗಿನ ಅಂತರ 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ ಬೆರಳಿಗೆ ಅಡ್ಡಿಯಾಗದು. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಮೂರೂವರೆ ಮೀಟರಿನಷ್ಟು ಸಾಗುತ್ತದೆ. ದೊಡ್ಡ ಚರ್ಚಿನಲ್ಲಿ ವಾದಕ ಕೊಳವೆಗಳಿಂದ ಇದಕ್ಕಿಂತ ದೂರ ಕೂರುವುದೂ ಉಂಟು.

ಕೇಳುವ ಜಾಗದ ಆಯ್ಕೆ: ಒಂದೇ ಆರ್ಗನ್ನನ್ನು ಹತ್ತಿರದಿಂದಲೂ ಸಭಾಂಗಣದ ನಡುವಿನಿಂದಲೂ ಹಿಂದಿನಿಂದಲೂ ಮುದ್ರಿಸಿ, ಅವುಗಳ ಪ್ರಮಾಣವನ್ನು ಬೇಕಾದಂತೆ ಬೆರೆಸುವ ಸೌಲಭ್ಯ ಹೊಸ ಆವೃತ್ತಿಗಳಲ್ಲಿದೆ. ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುವವರಿಗೆ ಹತ್ತಿರದ ದನಿ ತಪ್ಪುಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸ್ಟಾಪ್‌ಗಳನ್ನು ಬೆರಳಿನಿಂದಲೇ ಮುಟ್ಟಿ ತೆರೆಯುವ ಟಚ್ ಪರದೆ, ನುಡಿಸಿದ್ದನ್ನು ಮುದ್ರಿಸಿ ತಿರುಗಿ ಕೇಳುವ ವ್ಯವಸ್ಥೆ, ಸಿಕ್ಕಿಹಾಕಿಕೊಂಡ ಸ್ವರಗಳನ್ನು ಒಮ್ಮೆಲೇ ನಿಲ್ಲಿಸುವ ಗುಂಡಿ ಇವೂ ನಿತ್ಯದ ಬಳಕೆಗೆ ಒದಗಿ ಬಂದಿವೆ.

ಹವೆ, ಶ್ರುತಿ ಮತ್ತು ರಕ್ಷಣೆ

ಕೊಳಲಿನಂತೆ ನುಡಿಯುವ ಕೊಳವೆಗಳ ಶ್ರುತಿ ಹವೆಯೊಂದಿಗೆ ಏರಿಳಿಯುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ; ಒಂದು ಅರ್ಧಸ್ವರಕ್ಕೆ 100 ಸೆಂಟ್. ಕಟ್ಟಡದೊಳಗೆ ಜನವರಿಯ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ 10 ಡಿಗ್ರಿ ವ್ಯತ್ಯಾಸವಾದರೆ ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಶ್ರುತಿ ಸರಿಯುತ್ತದೆ. ನಾಲಗೆಯಿರುವ ಕೊಳವೆಗಳು ಅಷ್ಟಾಗಿ ಸರಿಯುವುದಿಲ್ಲ; ಹೀಗಾಗಿ ಎರಡೂ ಜೊತೆಗೂಡಿದಾಗ ಅಪಸ್ವರ ಕೇಳುತ್ತದೆ. ಇದರ ಜೊತೆಗೆ ತೇವಕ್ಕೆ ಉಬ್ಬುವ ಮರ, ಒಣಗಿ ಬಿರುಕು ಬಿಡುವ ತೊಗಲು, ಗೆದ್ದಲು, ಧೂಳು ಎಲ್ಲಕ್ಕೂ ನುರಿತ ಕೈ ಬೇಕು.

ತಂತ್ರಾಂಶದಲ್ಲಿ ಶ್ರುತಿಯನ್ನೂ, ಸ್ವರಾಂತರಗಳ ಹಳೆಯ ಪದ್ಧತಿಗಳನ್ನೂ ಪಟ್ಟಿಯಿಂದ ಆರಿಸಿಕೊಳ್ಳಬಹುದು. ಬೆಂಗಳೂರಿನ ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಹಬ್ಬಿರುವ ಅಪಾರ್ಟ್‌ಮೆಂಟುಗಳಲ್ಲಿ, ಪಕ್ಕದ ಮನೆಯವರ ನಿದ್ದೆ ಕೆಡಿಸದೆ ಇಷ್ಟು ದೊಡ್ಡ ವಾದ್ಯವನ್ನು ಅಭ್ಯಾಸ ಮಾಡಲು ಈ ತಂತ್ರಾಂಶ ಒಂದು ದಾರಿ. ಚರ್ಚಿನ ವಾದ್ಯ ದುರಸ್ತಿಯಲ್ಲಿದ್ದಾಗಲೂ ವಿದ್ಯಾರ್ಥಿಯ ಸಾಧನೆ ನಿಲ್ಲಬೇಕಿಲ್ಲ.

ಆದರೆ ಸಭಾಂಗಣವನ್ನೇ ತುಂಬಿ ನೆಲವನ್ನು ನಡುಗಿಸುವ ಗಾಳಿಯ ಅನುಭವ ಸ್ಪೀಕರಿನಿಂದ ಪೂರ್ತಿಯಾಗಿ ಬರದು. ಧ್ವನಿಮುದ್ರಣದ ಗುಣವೂ ಮೂಲ ವಾದ್ಯದ ಸ್ಥಿತಿಯನ್ನೇ ಅವಲಂಬಿಸಿದೆ: ಒಂದೊಂದು ಕೊಳವೆಯನ್ನೂ ಶ್ರುತಿ ಮಾಡಿ, ಸಂಚಾರದ ಸದ್ದಡಗಿದ ಹೊತ್ತು ನೋಡಿ ಮುದ್ರಿಸಬೇಕು. ಆದ್ದರಿಂದ ತಂತ್ರಾಂಶವನ್ನು ಹಳೆಯ ಆರ್ಗನ್ನಿಗೆ ಬದಲಿ ಎಂದು ತಿಳಿಯುವುದು ತಪ್ಪು. ನುಡಿಸುವವರಿಲ್ಲದೆ ಮುಚ್ಚಿಟ್ಟ ಆರ್ಗನ್ ಕೆಡುತ್ತಿರುವುದು ಬೇಗ ಗೊತ್ತಾಗುವುದಿಲ್ಲ. ದಿನವೂ ನುಡಿಸುವವರಿದ್ದರೆ ಅಂಟಿಕೊಂಡ ಕೀ, ಸೋರುವ ಗಾಳಿ ಕೂಡಲೇ ಗಮನಕ್ಕೆ ಬರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಸ್ಟಾಪ್‌ಗಳನ್ನೂ ಪೆಡಲನ್ನೂ ಕಲಿತವರು ಚರ್ಚಿನ ಆರ್ಗನ್ನಿಗೆ ವಾದಕರಾಗಿ ಬಂದರೆ, ದಂಡಿನ ಈ ಹಳೆಯ ವಾದ್ಯಪರಂಪರೆಗೆ ಹೊಸ ಸೌಲಭ್ಯಗಳಿಂದ ದೊರೆಯುವ ದೊಡ್ಡ ಲಾಭ ಅದೇ.