ಗ್ಯಾಸ್‌ಲೈಟಿನ ಥೋರಿಯಂ, ನಾಳೆಯ ವಿದ್ಯುತ್ತು



ಬಯಲಾಟದ ರಂಗಸ್ಥಳದಲ್ಲಿ, ಮದುವೆ ದಿಬ್ಬಣದಲ್ಲಿ ಬುಸುಗುಡುತ್ತ ಉರಿಯುತ್ತಿದ್ದ ಗ್ಯಾಸ್‌ಲೈಟನ್ನು ಹಿರಿಯರು ಮರೆತಿರಲಾರರು. ಅದರ ಮ್ಯಾಂಟಲ್, ಅಂದರೆ ಆ ಬಿಳಿಯ ಬಲೆಚೀಲ, ಸುಟ್ಟು ಬೂದಿಯಾದ ಮೇಲೂ ಹಾಲಿನಂಥ ಬೆಳಕು ಕೊಡುತ್ತಿತ್ತು. ಅದು ಥೋರಿಯಂ ಎಂಬ ಲೋಹದ ಮಹಿಮೆ. ಈ ಲೋಹವಿರುವ ಮೋನಜೈಟ್ ಮರಳು ಕೇರಳ, ತಮಿಳುನಾಡುಗಳ ಕಡಲತೀರದಲ್ಲಿ ಹೇರಳವಾಗಿದೆ. 1909ರಲ್ಲಿ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನ ತಜ್ಞ ಮೋನಜೈಟನ್ನು ಗುರುತಿಸಿದ. ಆಮೇಲೆ ಪರದೇಶದ ದೀಪಗಳಿಗಾಗಿ ನಮ್ಮ ಮರಳು ಹಡಗು ಹತ್ತಿತು.

1954ರಲ್ಲಿ ಹೋಮಿ ಭಾಭಾ ಇದೇ ಮರಳನ್ನು ನೆಚ್ಚಿ ಮೂರು ಹಂತದ ಯೋಜನೆಯನ್ನು ಮುಂದಿಟ್ಟರು. ನಮ್ಮಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಹೆಚ್ಚು. ಆದರೆ ಥೋರಿಯಂ ಹಸಿ ಸೌದೆಯಿದ್ದಂತೆ, ತಾನಾಗಿ ಹೊತ್ತಿಕೊಳ್ಳದು. ಉರಿಯುವ ಒಲೆಯ ಪಕ್ಕದಲ್ಲಿಟ್ಟು ಒಣಗಿಸಬೇಕು. ಅಂದರೆ, ರಿಯಾಕ್ಟರಿನೊಳಗೆ ನ್ಯೂಟ್ರಾನ್ ಹೀರಿ ಅದು ಯುರೇನಿಯಂ-233 ಆಗಬೇಕು. ಹಾಗಾಗಿ ಮೊದಲು ಯುರೇನಿಯಂ ಸ್ಥಾವರ, ಬಳಿಕ ಪ್ಲುಟೋನಿಯಂ ಉರಿಸುತ್ತ ಹೊಸ ಇಂಧನ ಹುಟ್ಟಿಸುವ ಬ್ರೀಡರ್, ಕೊನೆಗೆ ಥೋರಿಯಂ. ಕಲ್ಪಾಕ್ಕಂನಲ್ಲಿ ಪ್ರಯೋಗದ ಬ್ರೀಡರ್ 1985ರಲ್ಲಿ ಚಾಲೂ ಆಯಿತು. ಯುರೇನಿಯಂ-233ರಿಂದಲೇ ನಡೆಯುವ 'ಕಾಮಿನಿ' ಎಂಬ 30 ಕಿಲೋವ್ಯಾಟಿನ ಪುಟ್ಟ ಸಂಶೋಧನಾ ರಿಯಾಕ್ಟರು 1996ರಲ್ಲಿ ಬಂತು. 500 ಮೆಗಾವ್ಯಾಟಿನ ದೊಡ್ಡ ಬ್ರೀಡರಿನ ಕೆಲಸ ಶುರುವಾದದ್ದು 2004ರಲ್ಲಿ, ಅದರ ಗರ್ಭವನ್ನು (ಕೋರ್) ತುಂಬತೊಡಗಿದ್ದು 2024ರಲ್ಲಿ!

ಕೆಲಸ ತಡವಾದುದಕ್ಕಿಂತ ಜನರೊಡನೆ ಮಾತು ತಡವಾದುದೇ ದೊಡ್ಡ ಕೊರತೆ ಎನ್ನಬೇಕು. 1962ರ ಅಣುಶಕ್ತಿ ಕಾಯ್ದೆ ಮಾಹಿತಿಯನ್ನು ಗುಟ್ಟಾಗಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ, ಆ ಇಳಿವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತರು. ಸೋತರೇನು, ಅಣುವಿನ ಚರ್ಚೆ ಹಳ್ಳಿಯ ಜಗಲಿಗೆ ಬಂತು. 1994ರಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರದ ಕಾಂಕ್ರೀಟು ಕುಸಿದಾಗ ಜನರ ಅಂಜಿಕೆಗೆ ಇಂಬು ಸಿಕ್ಕಿತು.

ಕೂಡಂಕುಳಂ ಸ್ಥಾವರಕ್ಕೆ ಒಪ್ಪಂದವಾದದ್ದು 1988ರಲ್ಲಿ. ಜಪಾನಿನ ಫುಕುಶಿಮಾ ದುರಂತದ ನಂತರ ಇಡಿಂದಕರೈಯ ಮೀನುಗಾರರು ಉಪವಾಸ ಕೂತಾಗ, 2011ರಲ್ಲಿ, ಅವರ ಆತಂಕಗಳಿಗೆ ಉತ್ತರಿಸಲು ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಬಿಸಿನೀರು ಕಡಲಿಗೆ ಬಿದ್ದರೆ ಮೀನಿನ ಗತಿಯೇನು? ಉರಿದುಳಿದ ಇಂಧನವನ್ನು ಎಲ್ಲಿಡುತ್ತೀರಿ? ಪ್ರಶ್ನೆಗಳೇನೋ ಸರಳವೇ, ಉತ್ತರಿಸುವವರು ಬರುವ ಹೊತ್ತಿಗೆ 23 ವರ್ಷ ಕಳೆದಿತ್ತು, ಸ್ಥಾವರ ಎದ್ದು ನಿಂತಿತ್ತು.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದು, ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಅದರ ಕನ್ನಡ ಪ್ರತಿ ನಮ್ಮ ಗಡಿಯ ಪಂಚಾಯತಿ ಕಚೇರಿಗಳಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.