ಗೆದ್ದವನೂ ಅಲ್ಲ, ಸೋತವನೂ ಅಲ್ಲ: ವಿಚಾರಣಾಧೀನ ಕೈದಿ ಮತ್ತು ಶೀಘ್ರ ನ್ಯಾಯದ ಹಕ್ಕು

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬುದು ಕನ್ನಡದಲ್ಲಿ ಬಹುಬಳಕೆಯ ಗಾದೆ. ನ್ಯಾಯದಾನದ ವಿಳಂಬವನ್ನು ಕುರಿತು ಜನಪದರು ನೀಡಿದ ಸಂಕ್ಷಿಪ್ತ ತೀರ್ಪೆಂದೇ ಇದನ್ನು ಪರಿಗಣಿಸಬಹುದು. ಆದರೆ ಈ ಗಾದೆಯ ಲೋಕ ಮುಖ್ಯವಾಗಿ ಹೊಲ-ಮನೆ, ಪಾಲು-ಹಿಸ್ಸೆಗಳ ವ್ಯಾಜ್ಯದ ಲೋಕ. ಅಲ್ಲಿ ತಡವಾಗಿಯಾದರೂ ತೀರ್ಪೊಂದು ಬರುತ್ತದೆ. ವಿಚಾರಣೆಯೇ ಆರಂಭವಾಗದೆ ಸೆರೆಮನೆಯಲ್ಲಿ ಉಳಿದವನಿಗೆ ಅದರಲ್ಲಿ ಸ್ಥಾನವಿಲ್ಲ.

ಇಂಥವರ ಸ್ಥಿತಿ ಸರ್ವೋಚ್ಚ ನ್ಯಾಯಾಲಯದ ಮುಂದೆ ವಿಸ್ತಾರವಾಗಿ ತೆರೆದುಕೊಂಡದ್ದು 1979ರಲ್ಲಿ, ಬಿಹಾರದ ಕೈದಿಗಳ ಹುಸೇನಾರಾ ಖಾತೂನ್ ಪ್ರಕರಣದಲ್ಲಿ. ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ.ಎಫ್. ರುಸ್ತುಂಜಿಯವರ ಪತ್ರಿಕಾ ಬರಹಗಳನ್ನು ಆಧರಿಸಿ ವಕೀಲೆ ಕಪಿಲಾ ಹಿಂಗೋರಾನಿ ಅರ್ಜಿ ಸಲ್ಲಿಸಿದ್ದರು. ಆರೋಪ ಸಾಬೀತಾಗಿದ್ದರೂ ವಿಧಿಸಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲವನ್ನು ಕೆಲವರು ಆಗಲೇ ಬಂಧನದಲ್ಲಿ ಕಳೆದಿದ್ದರು. ಯಾವ ಆರೋಪವೂ ಇಲ್ಲದ, ಕೇವಲ ಸಾಕ್ಷಿಗಳಾಗಿದ್ದ ಮಹಿಳೆಯರನ್ನೂ ‘ರಕ್ಷಣೆ’ಯ ಹೆಸರಿನಲ್ಲಿ ಒಳಗಿಡಲಾಗಿತ್ತು. (ಆಡಳಿತದ ಭಾಷೆಯಲ್ಲಿ ಪದಗಳು ಹೇಗೆ ತಲೆಕೆಳಗಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.) ಶೀಘ್ರ ವಿಚಾರಣೆಯು ಸಂವಿಧಾನದ 21ನೆಯ ವಿಧಿಯಲ್ಲೇ ಅಡಕವಾದ ಮೂಲಭೂತ ಹಕ್ಕೆಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ ಸಾರಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಜಾಮೀನನ್ನು ಕುರಿತ ಆ ಪೀಠದ ಮಾತು ಇನ್ನೂ ಮುಖ್ಯವಾದುದು. ಆಸ್ತಿಯನ್ನು ಆಧರಿಸಿದ ಜಾಮೀನು ಬಡವನಿಗೆ ಎಟುಕದು. ಊರು, ಕುಟುಂಬ, ಕಸುಬುಗಳ ಬೇರು ಗಟ್ಟಿಯಾಗಿದ್ದರೆ ಆರೋಪಿಯನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಎಂಬುದು ಅದರ ತಿರುಳು. ಗೋವಿನ ಹಾಡಿನಲ್ಲಿ ಹುಲಿಯು ಪುಣ್ಯಕೋಟಿಯನ್ನು ಬಿಟ್ಟದ್ದೂ ಮಾತಿನ ಮೇಲೆಯೇ. ಒತ್ತೆಯಿಡಲು ಹಸುವಿನ ಬಳಿ ಬೇರೇನೂ ಇರಲಿಲ್ಲ. ಕಥನವನ್ನೂ ಕಾನೂನನ್ನೂ ಸಮೀಕರಿಸುವುದು ಉಚಿತವಲ್ಲ. ಆದರೂ ಮರಳಿ ಬರುವ ಭರವಸೆಗೆ ಹಣವೊಂದೇ ಆಧಾರವಲ್ಲವೆಂಬ ತಿಳಿವಳಿಕೆ ಎರಡರಲ್ಲಿಯೂ ಇದೆ.

ವಿಚಾರಣೆಗೆ ಕಾಲಮಿತಿ ಬೇಕೇ ಎಂಬ ಪ್ರಶ್ನೆ ಮಾತ್ರ ಬೇರೆಯೇ ದಾರಿ ಹಿಡಿಯಿತು. 1992ರ ಅಂತುಲೆ ಪ್ರಕರಣದಲ್ಲಿ ನ್ಯಾಯಾಲಯ ನಿಶ್ಚಿತ ಮಿತಿ ಹಾಕಲು ಒಪ್ಪಲಿಲ್ಲ. 1996 ಮತ್ತು 1998ರ ತೀರ್ಪುಗಳು ಮಿತಿ ಹಾಕಿದವು. ಕರ್ನಾಟಕದ ಭ್ರಷ್ಟಾಚಾರ ಮೊಕದ್ದಮೆಯೊಂದರಿಂದ ಹುಟ್ಟಿದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ, 2002ರಲ್ಲಿ, ಏಳು ನ್ಯಾಯಮೂರ್ತಿಗಳ ಪೀಠ ಆ ಮಿತಿಗಳನ್ನು ತೆಗೆದುಹಾಕಿತು. ಜಾಮೀನಿನ ಮೇಲೆ ಹೊರಗಿರುವ ಪ್ರಬಲ ಆರೋಪಿಗೆ ವಿಳಂಬವೇ ವರವಾಗುವುದುಂಟಾದ್ದರಿಂದ ಈ ನಿಲುವಿನಲ್ಲಿ ಹುರುಳಿದೆ. ಒಳಗಿರುವ ಬಡವನಿಗೆ ಅದರಿಂದ ಏನೂ ದಕ್ಕಲಿಲ್ಲವೆಂಬುದೂ ಅಷ್ಟೇ ನಿಜ.

ಅವನ ನೆರವಿಗೆ ಬಂದದ್ದು ಶಾಸನ. ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು ಒಳಗೆ ಕಳೆದವರ ಬಿಡುಗಡೆಗೆ 436ಎ ಕಲಮು 2006ರಲ್ಲಿ ಜಾರಿಗೆ ಬಂದಿತು. 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮೊದಲ ಬಾರಿಯ ಆರೋಪಿಗಳಿಗೆ ಇದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳು ಇದರಿಂದ ಹೊರಗಿವೆ. ಹೀಗಿದ್ದೂ 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ಮಂಜೂರಾಗಿಯೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದವರಿಗಾಗಿ 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ನಿರ್ದೇಶನ ನೀಡಬೇಕಾಯಿತು: ಒಂದು ತಿಂಗಳೊಳಗೆ ಜಾಮೀನು ಒದಗಿಸಲಾಗದಿದ್ದರೆ, ಷರತ್ತನ್ನು ಸಡಿಲಿಸಬಹುದೇ ಎಂಬುದನ್ನು ಕೆಳ ನ್ಯಾಯಾಲಯಗಳು ತಾವಾಗಿಯೇ ಪರಿಶೀಲಿಸಬಹುದು.