ಇಲಿಶೋ, ಚಿಂಗ್ರಿಯೋ?

ಕಳೆದ ವಾರ ಗೆಳೆಯನೊಬ್ಬ ಫೋನ್ ಮಾಡಿ, "ಭಾನುವಾರ ಮ್ಯಾಚ್ ನೋಡೋಕೆ ನಾಲ್ಕು ಜನ ನಿಮ್ಮನೆಗೆ ಬರ್ತಿದೀವಿ ಮಾರಾಯ, ತಿನ್ನೋಕೆ ಏನಿರುತ್ತೆ?" ಅಂದ. ಮಂಡಕ್ಕಿ ಕಲಸೋಣವೋ, ಬಜ್ಜಿ ಹಾಕೋಣವೋ, ಸುಮ್ಮನೆ ಪಿಜ್ಜಾ ತರಿಸಿಬಿಡೋಣವೋ ಅಂತ ಮನೆಯಲ್ಲಿ ಅರ್ಧ ಗಂಟೆ ಚರ್ಚೆ ನಡೆಯಿತು. ತೀರ್ಮಾನ ಆಗಲಿಲ್ಲ. ನಮಗೆ ಇದು ಬರೀ ನಾಲಿಗೆಯ ಪ್ರಶ್ನೆ. ಇದೇ ಪ್ರಶ್ನೆಯನ್ನು ಕಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಆಡುವ ದಿನ ಕೇಳಿ ನೋಡಿ, ಅದು "ನಿಮ್ಮ ಅಜ್ಜನ ಊರು ಯಾವುದು?" ಅಂತ ಕೇಳಿದ ಹಾಗೆ!

ಅಲ್ಲಿನ ಲೆಕ್ಕ ಬಹಳ ಸರಳ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ (ಹಿಲ್ಸಾ ಅಂತ ನಾವು ಪೇಪರಿನಲ್ಲಿ ಓದುವ ಮೀನು). ಮೋಹನ್ ಬಗಾನ್ ಗೆದ್ದರೆ ಚಿಂಗ್ರಿ, ಅಂದರೆ ಸಿಗಡಿ. ನಮ್ಮ ಕುಂದಾಪುರದ ಕಡೆ ಚಟ್ಲಿ ಅಂತೀವಲ್ಲ, ಅದೇ. ಆದರೆ ಅಲ್ಲಿಯದು ಅಂಗೈ ಉದ್ದದ ಗಲ್ದಾ ಚಿಂಗ್ರಿ. ಗೆದ್ದವರ ಮೀನಿನ ಬೆಲೆ ಅವತ್ತು ಸಂಜೆ ಪೇಟೆಯಲ್ಲಿ ಏರುತ್ತದೆ. ಮ್ಯಾಚ್ ಯಾರು ಗೆದ್ದರು ಅಂತ ಗೊತ್ತಾಗಬೇಕಾದರೆ ಮೀನಿನ ರೇಟು ಕೇಳಿದರೆ ಸಾಕು ಅಂತ ಅಲ್ಲಿನವರು ತಮಾಷೆ ಮಾಡುತ್ತಾರೆ.

ನಾನು ಕೆಲಸದ ಮೇಲೆ ಎರಡು ವರ್ಷ ಆ ಊರಿನಲ್ಲಿದ್ದೆ. ಜಾದವಪುರದ ಕಡೆ ಒಂದು ಮನೆಯ ಮಹಡಿಯಲ್ಲಿ ಬಾಡಿಗೆ ರೂಮು. ಕೆಳಗೆ ಮಾಲೀಕರು, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗ. ಮಾಲೀಕರನ್ನು ಮೇಶೋಮಶಾಯ್ ಅಂತಲೂ ಅವರ ಹೆಂಡತಿಯನ್ನು ಮಾಶಿಮಾ ಅಂತಲೂ ಕರೆಯುತ್ತಿದ್ದೆ. ನಮ್ಮಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಅಂದ ಹಾಗೆ. ಆ ಮನೆಯಲ್ಲಿ ಒಂದು ತೊಂದರೆ ಇತ್ತು. ಮೇಶೋಮಶಾಯ್ ಬಾಂಗಾಲ್, ಅಂದರೆ ಪೂರ್ವ ಬಂಗಾಳದಿಂದ ಬಂದವರು. ಮಾಶಿಮಾ ಘೋಟಿ, ಅಂದರೆ ಈ ಕಡೆಯವರೇ. ಒಂದೇ ಅಡುಗೆಮನೆಯಲ್ಲಿ ಎರಡು ದೇಶ :-) ಬೇಳೆಗೆ ಸಕ್ಕರೆ ಹಾಕುವುದೋ ಬೇಡವೋ ಅನ್ನುವುದರಿಂದಲೇ ದಿನಾ ಜಗಳ ಶುರು.

1997ರ ಜುಲೈ 13. ಭಾನುವಾರ. ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್, ಎದುರುಬದುರು ಈ ಎರಡು ತಂಡಗಳೇ. ಬೆಳಿಗ್ಗೆ ಮೇಶೋಮಶಾಯ್ ಚೀಲ ಹಿಡಿದು ಪೇಟೆಗೆ ಹೊರಟರು, ನಾನೂ ಜೊತೆಗೆ ಹೋದೆ. ಮ್ಯಾಚಿಗೆ ಮೊದಲೇ ಇಲಿಶ್ ತರುವುದು ಅಪಶಕುನ ಅನ್ನುವುದು ಮಗನ ವಾದ. ಗೆದ್ದ ಮೇಲೆ ಹೋದರೆ ಕೈಗೆ ಎಟುಕುವುದಿಲ್ಲ ಅನ್ನುವುದು ಅಪ್ಪನ ವಾದ. ಒಂದೂವರೆ ಕಿಲೋದ ಇಲಿಶ್ ಆರಿಸಿ, ಕಿವಿರು ಎತ್ತಿ ನೋಡಿ, ಚೌಕಾಶಿ ಮಾಡಿ ತಂದೇ ಬಿಟ್ಟರು. ಮನೆಗೆ ಬಂದರೆ ಮಾಶಿಮಾ ಆಗಲೇ ಗಾಡಿಯವನ ಹತ್ತಿರ ಚಿಂಗ್ರಿ ತೆಗೆದುಕೊಂಡು ಸುಲಿಯುತ್ತಾ ಕೂತಿದ್ದಾರೆ!

ಇದನ್ನೆಲ್ಲ ಆಗ ನಾನು ಬರೀ ತಮಾಷೆ ಅಂದುಕೊಂಡಿದ್ದೆ. ಇದರ ಹಿಂದಿನ ಇತಿಹಾಸ ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು.

ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ. 1911ರ ಜುಲೈ 29ರಂದು ಐಎಫ್ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಪಡೆಯ ತಂಡವನ್ನು 2-1ರಿಂದ ಸೋಲಿಸಿತು. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿದ್ದರು. ಇಡೀ ಬಂಗಾಳ ಅವತ್ತು ಕುಣಿಯಿತು. ಗಮನಿಸಿ, ಇಡೀ ಬಂಗಾಳ. ಆ ತಂಡದ ನಾಯಕ ಶಿಬದಾಸ್ ಭಾದುರಿ ಸೇರಿದಂತೆ ಹಲವು ಆಟಗಾರರು ಪೂರ್ವ ಬಂಗಾಳ ಮೂಲದವರು. ಅಂದರೆ ಇವತ್ತಿನ ಲೆಕ್ಕದಲ್ಲಿ ಚಿಂಗ್ರಿ ತಂಡದ ಅತಿ ದೊಡ್ಡ ಗೆಲುವು ತಂದುಕೊಟ್ಟವರಲ್ಲಿ ಇಲಿಶ್‌ನವರೇ ಬಹಳ ಮಂದಿ!

ಬಿರುಕು ಬಿಟ್ಟಿದ್ದು 1920ರಲ್ಲಿ. ಜೋಡಾಬಗಾನ್ ಅನ್ನುವ ತಂಡ ಮೋಹನ್ ಬಗಾನ್ ವಿರುದ್ಧದ ಪಂದ್ಯದಿಂದ ಶೈಲೇಶ್ ಬೋಸ್ ಅನ್ನುವ ಆಟಗಾರನನ್ನು ಕೈಬಿಟ್ಟಿತು. ಪೂರ್ವದವನು ಅಂತ ಬಿಟ್ಟರು ಎಂದು ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಸಿಟ್ಟಾಗಿ ಹೊರಬಂದರು. ಅದೇ ವರ್ಷದ ಆಗಸ್ಟ್ 1ಕ್ಕೆ ಈಸ್ಟ್ ಬೆಂಗಾಲ್ ಕ್ಲಬ್ ಹುಟ್ಟಿತು. ಕಲ್ಕತ್ತಾ ಲೀಗಿನಲ್ಲಿ ಇಬ್ಬರೂ ಮೊದಲು ಎದುರಾಗಿದ್ದು 1925ರ ಮೇ 28ರಂದು. ಈಸ್ಟ್ ಬೆಂಗಾಲ್ 1-0ರಿಂದ ಗೆದ್ದಿತು.

ಅಲ್ಲಿಯ ತನಕ ಇದು ಎರಡು ಕ್ಲಬ್ಬುಗಳ ಜಿದ್ದು, ಅಷ್ಟೇ. 1947ರಲ್ಲಿ ಗಡಿ ಗೆರೆ ಬಿತ್ತು ನೋಡಿ, ಆಮೇಲೆ ಎಲ್ಲ ಬದಲಾಯಿತು. 1951ರ ಜನಗಣತಿಯ ಹೊತ್ತಿಗೆ ಪಶ್ಚಿಮ ಬಂಗಾಳದಲ್ಲಿ ಸುಮಾರು 21 ಲಕ್ಷ ನಿರಾಶ್ರಿತರಿದ್ದರು. ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೆ ತಿಂಗಳುಗಟ್ಟಲೆ ಸಂಸಾರ. ಜಾದವಪುರ, ಬಿಜಯಗಡದ ಕಡೆ ಖಾಲಿ ಜಾಗದಲ್ಲಿ ರಾತ್ರೋರಾತ್ರಿ ಬಿದಿರಿನ ಗುಡಿಸಲು. ಊರಿನವರಿಗೆ ಇವರ ಭಾಷೆ ನಗೆಪಾಟಲು, ಊಟ ನಗೆಪಾಟಲು. ಮನೆ, ಹೊಲ, ನದಿ ಎಲ್ಲ ಆ ಕಡೆ ಉಳಿಯಿತು. ಈ ಕಡೆ ತಮ್ಮದು ಅಂತ ಹೇಳಿಕೊಳ್ಳಲು ಇದ್ದದ್ದು ಎರಡೇ. ತಮ್ಮ ಊರಿನ ಹೆಸರು ಹೊತ್ತ ಒಂದು ಫುಟ್‌ಬಾಲ್ ತಂಡ, ಮತ್ತೆ ತಮ್ಮ ಪದ್ಮಾ ನದಿಯ ಮೀನು.

ಮೇಶೋಮಶಾಯ್ 1950ರಲ್ಲಿ ಬಾರಿಸಾಲ್‌ನ ಗಲಭೆಯ ನಂತರ ತಾಯಿಯ ಕೈ ಹಿಡಿದು ಬಂದವರು. ಆಗ ಅವರಿಗೆ ಎಂಟು ವರ್ಷ. ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಊರಲ್ಲಿದ್ದಾಗ ಮಳೆಗಾಲದಲ್ಲಿ ಇಲಿಶ್ ತಿಂದು ತಿಂದು ಬೇಜಾರಾಗಿ ಅಮ್ಮನ ಹತ್ತಿರ ಜಗಳ ಮಾಡ್ತಿದ್ದೆ. ಇಲ್ಲಿಗೆ ಬಂದ ಮೇಲೆ ಒಂದೂವರೆ ವರ್ಷ ಅದರ ವಾಸನೆಯೂ ಇಲ್ಲ. ನಮ್ಮ ತಂಡ ಶೀಲ್ಡ್ ಗೆದ್ದ ದಿನ ಅಪ್ಪ ಸಾಲ ಮಾಡಿ ಒಂದು ಇಲಿಶ್ ತಂದ. ಸಾಲು ಗುಡಿಸಲಿನವರಿಗೆಲ್ಲ ಒಂದೊಂದು ತುಂಡು. ನನಗೆ ಬಾಲದ ಕಡೆಯದು ಬಂತು, ಬರೀ ಮುಳ್ಳು. ಅಮ್ಮ ತಿನ್ನಲಿಲ್ಲ, ಸಾಸಿವೆ ಗೊಜ್ಜಿನಲ್ಲಿ ಅನ್ನ ಕಲಸಿಕೊಂಡಳು. ಅವತ್ತು ಅವಳು ಅತ್ತಿದ್ದು ಮ್ಯಾಚಿಗೋ ಮೀನಿಗೋ ಊರಿಗೋ, ನಾನು ಕೇಳಲೇ ಇಲ್ಲ."

ಅವರು ಹೇಳುತ್ತಿದ್ದದ್ದು 1951ರ ಶೀಲ್ಡ್. ಈಸ್ಟ್ ಬೆಂಗಾಲ್ 1949, 1950, 1951 ಮೂರೂ ವರ್ಷ ಐಎಫ್ಎ ಶೀಲ್ಡ್ ಗೆದ್ದಿತ್ತು. ಇಲ್ಲಿ ನಾವು ಕನ್ನಡಿಗರು ಕಿವಿ ನಿಮಿರಿಸಬೇಕಾದ ವಿಷಯ ಒಂದಿದೆ. ಆ ಕಾಲದ ಈಸ್ಟ್ ಬೆಂಗಾಲಿನ ಐದು ಮುಂಚೂಣಿ ಆಟಗಾರರಿಗೆ 'ಪಂಚಪಾಂಡವರು' ಅಂತಲೇ ಹೆಸರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇ, ಅಹ್ಮದ್ ಖಾನ್. ಐದೂ ಜನ ದಕ್ಷಿಣದವರು! ಅದರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948 ಮತ್ತು 1952ರ ಒಲಿಂಪಿಕ್ಸ್ ಆಡಿದವರು, 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮನೆ ಕಳೆದುಕೊಂಡ ಬಂಗಾಳಿಗಳ ತಟ್ಟೆಗೆ ಇಲಿಶ್ ಬಡಿಸಿದವರಲ್ಲಿ ಒಬ್ಬರು ಬೆಂಗಳೂರು ಹುಡುಗ ಅಂತ ನನಗೆ ಆ ಊರಿಗೆ ಹೋಗುವ ತನಕ ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿತ್ತಾ?

ಮೀನಿನ ವಿಷಯಕ್ಕೇ ಬರೋಣ. ಇಲಿಶ್ ಪೂರ್ವದ್ದು, ಚಿಂಗ್ರಿ ಪಶ್ಚಿಮದ್ದು ಅನ್ನುವುದು ಕೂಡ ಪೂರ್ತಿ ನಿಜವಲ್ಲ. ಪಶ್ಚಿಮ ಬಂಗಾಳದ ರೂಪನಾರಾಯಣ ನದಿಯ ಕೋಲಾಘಾಟ್ ಇಲಿಶ್ ಬಹಳ ಹೆಸರುವಾಸಿ. ಗಲ್ದಾ ಚಿಂಗ್ರಿ ಸಾಕಣೆಗೆ ಇವತ್ತು ಹೆಸರಾಗಿರುವುದು ಬಾಂಗ್ಲಾದೇಶದ ಖುಲ್ನಾ, ಬಾಗೇರ್‌ಹಾಟ್ ಕಡೆ. ಮೀನಿಗೆ ಗಡಿ ಗೊತ್ತಿಲ್ಲ, ಗಡಿ ಬರೆದದ್ದು ತಿನ್ನುವವರು.

ಇಲಿಶ್ ಸಮುದ್ರದ ಮೀನು, ಮೊಟ್ಟೆ ಇಡಲು ಮಾತ್ರ ನದಿಯಲ್ಲಿ ಮೇಲಕ್ಕೆ ಈಜಿ ಬರುತ್ತದೆ. ಹಿಂದೆ ಗಂಗೆಯಲ್ಲಿ ಅಲಹಾಬಾದಿನ ತನಕವೂ ಹೋಗುತ್ತಿತ್ತು. 1975ರಲ್ಲಿ ಫರಕ್ಕಾ ಅಣೆಕಟ್ಟು ಶುರುವಾದ ಮೇಲೆ ಆ ದಾರಿ ಮುಚ್ಚಿತು. ಮರಿ ಮೀನನ್ನೂ ಬಿಡದೆ ಬಾಚಿದ್ದರಿಂದ ಕೆಳಗಿನ ನದಿಯಲ್ಲೂ ಕಡಿಮೆಯಾಗುತ್ತಾ ಬಂತು. 2012ರಲ್ಲಿ ಬಾಂಗ್ಲಾದೇಶ ಇಲಿಶ್ ರಫ್ತನ್ನೇ ನಿಲ್ಲಿಸಿತು. 2019ರಿಂದ ದುರ್ಗಾಪೂಜೆಯ ಹೊತ್ತಿಗೆ ವಿಶೇಷ ಅನುಮತಿ ಕೊಟ್ಟು ಒಂದಿಷ್ಟು ಕಳಿಸತೊಡಗಿತು. ಅಂದರೆ ಪದ್ಮಾ ಇಲಿಶ್ ತಿನ್ನಬೇಕಾದರೆ ಬಂಗಾಳಿ ಎರಡು ಸರ್ಕಾರಗಳ ಮುಖ ನೋಡಬೇಕು. ಮೇಶೋಮಶಾಯ್ ಬಂದ ಹಾಗೆಯೇ ಅವರ ಮೀನೂ ಗಡಿ ದಾಟಬೇಕು.

ಈ ಜಿದ್ದು ಬರೀ ಊಟದ ತಮಾಷೆಯಾಗಿ ಉಳಿದಿಲ್ಲ ಅನ್ನುವುದನ್ನೂ ಹೇಳಲೇಬೇಕು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವೇ ಎರಡು ತಂಡಗಳ ಪಂದ್ಯದಲ್ಲಿ ಗಲಾಟೆಯಾಗಿ, ನೂಕುನುಗ್ಗಲಿನಲ್ಲಿ 16 ಜನ ಸತ್ತರು. ಮ್ಯಾಚ್ ನೋಡಿ ಬಂದು ಮೀನು ತಿನ್ನುತ್ತೇವೆ ಅಂತ ಹೊರಟ ಹುಡುಗರು. ಮಾಶಿಮಾ ಮಗನನ್ನು ಸ್ಟೇಡಿಯಂಗೆ ಕಳಿಸುವಾಗ ಬಾಗಿಲಲ್ಲಿ ಯಾಕೆ ಅಷ್ಟು ಹೊತ್ತು ನಿಲ್ಲುತ್ತಿದ್ದರು ಅಂತ ನನಗೆ ತಡವಾಗಿ ಅರ್ಥವಾಯಿತು.

ಆ 1997ರ ಪಂದ್ಯಕ್ಕೆ ನಾನೂ ಅವರ ಮಗನೂ ಹೋಗಿದ್ದೆವು. 1 ಲಕ್ಷ 31 ಸಾವಿರ ಜನ! ಕೈಯಲ್ಲಿ ಝಾಲ್‌ಮುರಿಯ ಪೊಟ್ಟಣ, ಅದನ್ನು ಬಾಯಿಗೆ ಹಾಕಿಕೊಳ್ಳಲು ಮೊಣಕೈ ಎತ್ತಲೂ ಜಾಗವಿಲ್ಲ. ಮೋಹನ್ ಬಗಾನ್ ಕೋಚ್ ಅಮಲ್ ದತ್ತ ಪಂದ್ಯಕ್ಕೆ ಮೊದಲು ಎದುರಾಳಿಗಳನ್ನು ಚೆನ್ನಾಗಿ ಕೆಣಕಿದ್ದರು. ಒಮೊಲೋನನ್ನು 'ಆಮ್ಲೆಟ್', ಸೋಸೋನನ್ನು 'ಶೋಶಾ' (ಸೌತೆಕಾಯಿ), ಬೈಚುಂಗ್ ಭುಟಿಯಾನನ್ನು 'ಚುಂಗ್ ಚುಂಗ್' ಅಂದಿದ್ದರು. ಅಲ್ಲಿ ಬೈಗುಳವೂ ಅಡುಗೆಮನೆಯಿಂದಲೇ ಬರುತ್ತದೆ ನೋಡಿ. ಬೈಚುಂಗ್ ಮೂರು ಗೋಲು ಹೊಡೆದ. ಈಸ್ಟ್ ಬೆಂಗಾಲ್ 4-1.

ರಾತ್ರಿ ಮನೆಗೆ ಬಂದಾಗ ಸಾಸಿವೆ ಅರೆದ ಘಾಟು ಬೀದಿಗೇ ಬರುತ್ತಿತ್ತು. ಮಾಶಿಮಾ ಒಂದು ಮಾತೂ ಆಡದೆ ಇಲಿಶ್ ಬಡಿಸಿದರು. ಕಡಲ ತೀರದವನಾದ ನನಗೂ ಆ ಮುಳ್ಳುಗಳ ಜೊತೆ ಹೋರಾಡಿ ಸಾಕಾಯಿತು, ನಮ್ಮ ಬಂಗುಡೆ ಎಷ್ಟು ಸಾಧು ಪ್ರಾಣಿ ಅನ್ನಿಸಿತು. ಕೊನೆಗೆ ಅವರು ಒಳಗಿನಿಂದ ತೆಂಗಿನ ಹಾಲಿನಲ್ಲಿ ಬೇಯಿಸಿದ ಚಿಂಗ್ರಿಯ ಬಟ್ಟಲು ತಂದು ನನ್ನ ಮುಂದಿಟ್ಟು, "ನೀನು ಹೊರಗಿನವನು ಬಾಬಾ, ನಿನಗೆ ಎರಡೂ ನಡೆಯುತ್ತೆ" ಅಂದರು. ಮೇಶೋಮಶಾಯ್ ಗಂಭೀರವಾಗಿ ಆ ಬಟ್ಟಲಿಗೆ ಕೈ ಹಾಕಿ ಎರಡು ಚಿಂಗ್ರಿ ಎತ್ತಿಕೊಂಡರು. "ಸೋತವರ ಮನೆ ಊಟ, ಬಿಡಬಾರದು." ಮಾಶಿಮಾಗೂ ನಗು ತಡೆಯಲಾಗಲಿಲ್ಲ.

2024ರ ಆಗಸ್ಟ್‌ನಲ್ಲಿ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರ ಕೊಲೆಯಾದ ನಂತರ, 18ನೇ ತಾರೀಖು ನಡೆಯಬೇಕಿದ್ದ ಡ್ಯುರಾಂಡ್ ಕಪ್ ಡರ್ಬಿ ರದ್ದಾಯಿತು. ಆದರೂ ಎರಡೂ ತಂಡದ ಅಭಿಮಾನಿಗಳು ಅದೇ ಸಾಲ್ಟ್ ಲೇಕ್ ಸ್ಟೇಡಿಯಂ ಹೊರಗೆ ಸೇರಿ ನ್ಯಾಯ ಕೇಳಿದರು. ಕೆಂಪು-ಹಳದಿ, ಹಸಿರು-ಮರೂನ್ ಬಾವುಟಗಳು ಅಕ್ಕಪಕ್ಕ ನಿಂತ ಫೋಟೋ ನೋಡಿದಾಗ ನನಗೆ ಆ ರಾತ್ರಿಯ ಎರಡು ಬಟ್ಟಲು ನೆನಪಾದವು. ಮೇಶೋಮಶಾಯ್ ಈಗಿಲ್ಲ. ಅವರು ಬಾರಿಸಾಲ್‌ಗೆ ಮತ್ತೆ ಒಮ್ಮೆಯೂ ಹೋಗಲಿಲ್ಲ. ಆದರೆ ಅಪ್ಪನ ಊರನ್ನು ಕಣ್ಣಲ್ಲೂ ನೋಡದ ಮಗ, ಈಸ್ಟ್ ಬೆಂಗಾಲ್ ಗೆದ್ದ ದಿನ ಇವತ್ತಿಗೂ ಎಷ್ಟೇ ರೇಟಾಗಲಿ ಇಲಿಶ್ ತರುತ್ತಾನಂತೆ. ಫೋನಿನಲ್ಲಿ ಹೇಳುತ್ತಾನೆ.

ಅಂದಹಾಗೆ, ನಮ್ಮ ಭಾನುವಾರದ ಮ್ಯಾಚಿಗೆ ಕೊನೆಗೆ ಮಂಡಕ್ಕಿಯೇ ಗಟ್ಟಿಯಾಯಿತು. ಸಾಸಿವೆ ಎಣ್ಣೆ, ಹಸಿಮೆಣಸು, ಈರುಳ್ಳಿ ಹಾಕಿ ಝಾಲ್‌ಮುರಿ ಥರ ಕಲಸಿದೆ. ಬಂದವರೆಲ್ಲ ಘಾಟಿಗೆ ಮೂಗು ಒರೆಸಿಕೊಂಡು ತಿಂದರು. ನಿಮ್ಮ ಊರಿನಲ್ಲೂ ಗೆದ್ದ ದಿನಕ್ಕೆ ಅಂತಲೇ ಇರುವ ಊಟ ಏನಾದರೂ ಇದೆಯಾ? ಕಬಡ್ಡಿಗೋ, ಕಂಬಳಕ್ಕೋ, ಕ್ರಿಕೆಟ್ಟಿಗೋ? ಇದ್ದರೆ ತಿಳಿಸಿ, ಅದರ ಹಿಂದಿನ ಕಥೆಯ ಸಮೇತ.